ಮೈಕಕ್ಕನ ಅರ್ಧ ಮಾತು

ತಂಗಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಕಲಿಯಲು ಸೀಟು ಸಿಕ್ಕಿದ ಸುದ್ದಿ ಮೊದಲು ತಿಳಿದದ್ದು ನೆಂಟರಿಷ್ಟರಿಗಲ್ಲ, ಬಸ್ ನಿಲ್ದಾಣಕ್ಕೆ. ಅಲ್ಲಿ ವಿಚಾರಣೆ ಕಿಟಕಿಯ ಹಿಂದೆ, ಮೈಕಿನ ಮುಂದೆ ಕೂರುತ್ತಿದ್ದವಳು ಅವಳ ಅಕ್ಕ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಕೆಟ್ಟು ಕೂತಿದೆ ಎಂದು ದಿನವಿಡೀ ಕೂಗಿ ಹೇಳುವುದೇ ಅವಳ ಕೆಲಸ. ಡ್ರೈವರು ಕಂಡಕ್ಟರುಗಳ ಬಾಯಲ್ಲಿ ಅವಳು ಮೈಕಕ್ಕ. ಆ ಮಧ್ಯಾಹ್ನ ತಂಗಿಯ ಫೋನು ಬಂದದ್ದೇ ತಡ, ಮೈಕಕ್ಕ ಗುಂಡಿ ಒತ್ತಿ, "ಪ್ರಯಾಣಿಕರ ಗಮನಕ್ಕೆ, ನನ್ನ ತಂಗಿ ಇನ್ಮೇಲೆ ತಲೆ ಬಿಚ್ಚಿ ರಿಪೇರಿ ಮಾಡೋ ಡಾಕ್ಟ್ರು. ಯಾರಿಗಾದ್ರೂ ತಲೆ ಕೆಟ್ಟಿದ್ರೆ ವಿಚಾರಣೆ ಕಿಟಕಿಗೆ ಬನ್ನಿ" ಎಂದುಬಿಟ್ಟಳು. ನಿಲ್ದಾಣದ ಮೇಲ್ವಿಚಾರಕರು ಬಯ್ಯಲೆಂದೇ ಓಡಿ ಬಂದರು. ಅಷ್ಟರಲ್ಲಿ ಬೆಂಚುಗಳ ಮೇಲಿದ್ದ ಜನ ಚಪ್ಪಾಳೆ ತಟ್ಟತೊಡಗಿದ್ದರಿಂದ ಅವರ ಬಯ್ಗುಳ ಗಂಟಲಲ್ಲೇ ಉಳಿಯಿತು.

ಈ ಕತೆಯನ್ನು ಮೈಕಕ್ಕ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಕೊನೆಗೆ ಬಂದಾಗ "ಆಮೇಲೆ ಮೈಕ್ ಆಫ್ ಮಾಡ್ಬಿಟ್ಟು..." ಎಂದು ತಂಗಿಯ ಕಡೆ ನೋಡುವಳು. ತಂಗಿ ಕೂಡಲೇ "ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ" ಎಂದು ಮುಗಿಸುವಳು. ಕೇಳಿದವರೂ ನಗುವರು, ಇಬ್ಬರೂ ನಗುವರು.

ಹಾಗೆ ಮುಗಿಸಿಕೊಡುವುದು ಆ ಮನೆಯ ಹಳೆಯ ಅಭ್ಯಾಸ. ತಾಯಿ ಮೊದಲೇ ಇರಲಿಲ್ಲ. ತಂದೆ ಹಠಾತ್ತನೆ ತೀರಿಕೊಂಡಾಗ ಅಕ್ಕ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ವಿಜ್ಞಾನದಲ್ಲಿ ಇಡೀ ಶಾಲೆಗೆ ಮೊದಲು. ತಂಗಿ ಇನ್ನೂ ಹಲ್ಲು ಬಿದ್ದ ಬಾಯಿಯ ಗುಬ್ಬಿ. ದೊಡ್ಡವಳಾದ ಮೇಲೂ ಅಕ್ಕ ಅವಳನ್ನು ಹಾಗೆಯೇ ಕರೆಯುತ್ತಿದ್ದಳು. ಗಟ್ಟಿ ಗಂಟಲಿದೆ ಎಂಬ ಒಂದೇ ಅರ್ಹತೆಯ ಮೇಲೆ ಅಕ್ಕನಿಗೆ ಬಸ್ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಮೈಕು ಹಿಡಿದಳು. ಸಂಜೆ ಮನೆಗೆ ಬರುವಾಗ ಗಂಟಲು ಕಟ್ಟಿ ಹೋಗಿರುತ್ತಿತ್ತು. "ಗುಬ್ಬಿ, ಆ ಬಾಗಿಲು..." ಎಂದರೆ ಗುಬ್ಬಿ "ಹಾಕಿದೀನಿ" ಎನ್ನುವಳು. "ನಾಳೆ ನಿಂಗೆ..." ಎಂದರೆ "ಪರೀಕ್ಷೆ, ಓದಿದೀನಿ" ಎನ್ನುವಳು. ಅಕ್ಕನ ಗಂಟಲಿಗೆ ಒಂದಿಷ್ಟು ಬಿಡುವು ಸಿಗಲಿ ಎಂದು ಆ ಪುಟ್ಟ ಹುಡುಗಿ ಕಂಡುಕೊಂಡ ಉಪಾಯ ಅದು. ಬರುಬರುತ್ತ ಅರ್ಧ ಮಾತು ಅಕ್ಕನದು, ಅರ್ಧ ತಂಗಿಯದು ಎಂದಾಯಿತು. ಮನೆ ಮಾಲೀಕರ ಹೆಂಡತಿ, "ಇವರಿಬ್ಬರಿಗೂ ಸೇರಿ ಒಂದೇ ನಾಲಿಗೆ" ಎಂದು ಆಡಿಕೊಳ್ಳುತ್ತಿದ್ದರು. ಧ್ವನಿಯೂ ಒಂದೇ. ಮನೆಗೆ ಫೋನು ಮಾಡಿದ ಡ್ರೈವರುಗಳು ತಂಗಿಯನ್ನೇ ಮೈಕಕ್ಕ ಎಂದುಕೊಂಡು ಡಿಪೋದ ಗೋಳನ್ನೆಲ್ಲ ತೋಡಿಕೊಳ್ಳುತ್ತಿದ್ದರು. ಅವಳೂ ಹೂಂಗುಟ್ಟಿ ಸಮಾಧಾನ ಹೇಳಿಯೇ ಫೋನು ಇಡುತ್ತಿದ್ದಳು.

"ನೀವು ಓದಿದ್ರೆ ನೀವೂ ಡಾಕ್ಟ್ರೇ ಆಗ್ತಿದ್ರಿ ಅಕ್ಕಾ" ಎಂದು ಒಬ್ಬ ಕಂಡಕ್ಟರು ಒಮ್ಮೆ ಅಂದಿದ್ದ. "ಆಗ ನಿನ್ನ ಬಸ್ಸನ್ನ ಯಾರಪ್ಪಾ ಕೂಗ್ತಿದ್ರು?" ಎಂದು ಮೈಕಕ್ಕ ಅವನ ಬಾಯಿ ಮುಚ್ಚಿಸಿದಳು. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ತಂಗಿ ಸೇರಿದ ವಿಭಾಗದಲ್ಲಿ ಅವಳಿಗಿಂತ ಮುಂಚೆ ಹೆಂಗಸರು ಇರಲಿಲ್ಲ. ಆಪರೇಷನ್ ಥಿಯೇಟರಿನ ಪಕ್ಕ ಬಟ್ಟೆ ಬದಲಿಸುವ ಕೋಣೆ ಗಂಡಸರದ್ದು. ಇವಳು ನರ್ಸುಗಳ ಕೋಣೆಯಲ್ಲಿ ಒಂದು ಮೊಳೆ ಗಿಟ್ಟಿಸಿಕೊಂಡು ಅಲ್ಲಿ ತನ್ನ ಚೀಲ ನೇತುಹಾಕಿದಳು. ಎತ್ತರ ಕಡಿಮೆ, ಸೂಕ್ಷ್ಮದರ್ಶಕಕ್ಕೆ ಕಣ್ಣು ಎಟುಕುತ್ತಿರಲಿಲ್ಲ. ಒಂದು ಕಬ್ಬಿಣದ ಮಣೆ ತಂದಿಟ್ಟುಕೊಂಡಳು. ಜೊತೆಯವರು ಅದಕ್ಕೆ ಸಿಂಹಾಸನ ಎಂದು ಹೆಸರಿಟ್ಟು ನಕ್ಕರು, ದಿನವೂ ಒಬ್ಬೊಬ್ಬರು ಅದನ್ನು ಎಲ್ಲಾದರೂ ಬಚ್ಚಿಟ್ಟು ಮಜಾ ನೋಡಿದರು. ವಾರ್ಡಿನಲ್ಲಿ ರೋಗಿಯ ಕಡೆಯವರು ಇವಳ ಮಾತನ್ನು ಪೂರ್ತಿ ಕೇಳಿ, ತಲೆಯಾಡಿಸಿ, "ಸರಿ ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?" ಎನ್ನುವರು. ಮನೆಗೆ ಬಂದು ಅದನ್ನು ಹೇಳಿಕೊಂಡು ಮುಖ ಸಪ್ಪೆ ಮಾಡಿದರೆ ಮೈಕಕ್ಕ, "ನನ್ನನ್ನ ಜನ ಕಂಡೇ ಇಲ್ಲ, ಬರೀ ಧ್ವನಿ ಕೇಳ್ತಾರೆ. ನಿನ್ನನ್ನ ಕಾಣ್ತಾರಲ್ಲ, ಅಷ್ಟು ಸಾಕು, ಉಣ್ಣು" ಎನ್ನುವಳು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಹೊಗಳಿಕೆಯಲ್ಲಿ ಕಡು ಜಿಪುಣ. ಗ್ಲವ್ಸಿನ ತೆಳು ರಬ್ಬರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದು ತೋರಿಸಿದರೆ, ನೋಡಿ, ಕತ್ತರಿಸಿ, "ಇನ್ನೊಂದ್ಸಲ" ಎನ್ನುವರು. ಒಂದು ದಿನ ಕತ್ತರಿಸದೆ ಹಾಗೇ ಹೋದರು. ಅದೇ ಅವಳಿಗೆ ಸಿಕ್ಕ ಪದಕ. ಮಣೆ ಬಚ್ಚಿಡುವ ಆಟವೂ ಆಮೇಲೆ ತಾನಾಗಿಯೇ ನಿಂತಿತು.

ದೊಡ್ಡವರ ಕೈಯಲ್ಲಿ ಅವಳು ಕಲಿತದ್ದರಲ್ಲಿ ಮುಖ್ಯವಾದದ್ದು ರೋಗಿಯನ್ನು ಎಚ್ಚರವಾಗಿಟ್ಟುಕೊಂಡು ಮಾಡುವ ಆಪರೇಷನ್. ಮಾತು ಹುಟ್ಟುವ ಜಾಗದ ಪಕ್ಕದಲ್ಲೇ ಗೆಡ್ಡೆ ಇದ್ದರೆ ರೋಗಿಯನ್ನು ಪೂರ್ತಿ ಮಂಪರಿನಲ್ಲಿಟ್ಟು ಕತ್ತರಿಸಲು ಆಗುವುದಿಲ್ಲ. ತಲೆ ತೆರೆಯುವವರೆಗೆ ಮಂಪರು, ಆಮೇಲೆ ಎಬ್ಬಿಸಿ ಮಾತಾಡಿಸುವುದು. ಮೆದುಳಿಗೆ ನೋವು ತಿಳಿಯದು. ಹಸಿರು ಬಟ್ಟೆಯ ಪರದೆಯ ಆ ಕಡೆ ಶಸ್ತ್ರವೈದ್ಯರು ಗೆಡ್ಡೆಯನ್ನು ಹೀರಿ ತೆಗೆಯುತ್ತಿದ್ದರೆ, ಈ ಕಡೆ ಒಬ್ಬರು ರೋಗಿಯ ಮುಖದ ಮುಂದೆ ಕೂತು ಚಿತ್ರ ತೋರಿಸಿ ಹೆಸರು ಕೇಳುತ್ತಿರಬೇಕು: ಕೊಡೆ, ಬೀಗದ ಕೈ, ಬಾಚಣಿಗೆ. ಪದ ತಡವರಿಸಿತೋ, ಆ ಜಾಗ ಮುಟ್ಟಬಾರದು ಎಂದರ್ಥ. ಕೂತವರು ತಕ್ಷಣ "ನಿಲ್ಲಿ" ಎನ್ನಬೇಕು. ಪರದೆಯ ಆ ಕಡೆ ಇರುವವರಿಗೆ ಮುಖ ಕಾಣುವುದಿಲ್ಲ, ಕಿವಿಯೊಂದೇ ಆಧಾರ. "ಪದ ಅವರದ್ದೇ ಆಗಿರ್ಬೇಕು. ನಾವು ಎರವಲು ಕೊಡೋ ಹಾಗಿಲ್ಲ" ಎಂದು ದೊಡ್ಡವರು ಹೇಳದ ದಿನವಿಲ್ಲ.

ತಂಗಿ ಆ ಮಾತನ್ನು ಅವರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದಳು. ಕಲಿಕೆ ಮುಗಿದು ಅಲ್ಲೇ ಕೆಲಸಕ್ಕೆ ಸೇರಿದ ಮೇಲೆ, ಒಮ್ಮೆ ಒಬ್ಬ ಅಜ್ಜ ಬಾಚಣಿಗೆಯ ಚಿತ್ರ ನೋಡಿ ಒದ್ದಾಡುತ್ತಿದ್ದಾಗ ಕಿರಿಯ ವೈದ್ಯೆಯೊಬ್ಬಳು ಅಯ್ಯೋ ಪಾಪ ಎಂದುಕೊಂಡು "ಬಾ..." ಎಂದು ಶುರುಮಾಡಿಕೊಟ್ಟಳು. ತಂಗಿ ಅವಳನ್ನು ಕೋಣೆಯಿಂದಲೇ ಹೊರಗೆ ಕಳಿಸಿದಳು. ಆಮೇಲೆ ಕಾರಿಡಾರಿನಲ್ಲಿ, "ಕರುಣೆ ತೋರಿಸ್ತಿದೀನಿ ಅಂದ್ಕೊಂಡೆ ನೀನು. ಅವರ ಬಾಯಿಂದ ಆ ಪದ ಜೀವಮಾನಕ್ಕೆ ಕಿತ್ಕೊಳ್ತಿದ್ದೆ" ಎಂದು ಅಳುವ ತನಕ ಬೈದಳು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ದಿನ ನಿಲ್ದಾಣದಲ್ಲಿ ಮೈಕು ನಡುಮಾತಿನಲ್ಲಿ ನಿಂತುಹೋಯಿತು. "ಪ್ರಯಾಣಿಕರ ಗಮನಕ್ಕೆ" ಎಂದದ್ದು ಕೇಳಿಸಿತು, ಮುಂದೆ ಏನೂ ಇಲ್ಲ. ಮೇಲ್ವಿಚಾರಕರು ರಿಪೇರಿಯವನನ್ನು ಕರೆಸಿದರು. ಅವನು ತಂತಿ ಎಳೆದು ನೋಡಿ, ಗುಂಡಿ ಬಿಚ್ಚಿ ನೋಡಿ, ಮೈಕು ಚೆನ್ನಾಗಿದೆ ಎಂದ. ಮೈಕಕ್ಕ ಕಿಟಕಿಯ ಹಿಂದೆ ಬಾಯಿ ತೆರೆದುಕೊಂಡು, ಊರಿನ ಹೆಸರು ನಾಲಿಗೆಗೆ ಬಾರದೆ ಕೂತಿದ್ದಳು.

ಸ್ಕ್ಯಾನಿನ ಚಿತ್ರಗಳನ್ನು ತಂಗಿ ಬೆಳಕಿಗೆ ಹಿಡಿದಳು. ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಡಗಡೆ, ಮಾತಿನ ಜಾಗದ ಮಗ್ಗುಲಲ್ಲೇ. ಅಕ್ಕ ಪಕ್ಕದಲ್ಲಿ ನಿಂತು ಇಣುಕಿ, "ಇಷ್ಟು ವರ್ಷ ನಿನ್ನ ತಲೆ ತಿಂದಿದ್ದಕ್ಕೆ ನನ್ನ ತಲೇಲಿ ಗೆಡ್ಡೆ ಕಟ್ಟಿದೆ ನೋಡು" ಎಂದಳು. ತಂಗಿಗೆ ನಗಲು ಆಗಲಿಲ್ಲ.

ಆಪರೇಷನ್ ದೊಡ್ಡವರೇ ಮಾಡುವುದೆಂದಾಯಿತು. ಸ್ವಂತದವರ ಮೇಲೆ ಕತ್ತಿ ಹಿಡಿಯಬಾರದೆಂಬುದು ಅಲ್ಲಿಯ ಪದ್ಧತಿ, ತಂಗಿಗೂ ಹಿಡಿಯುವ ಧೈರ್ಯ ಇರಲಿಲ್ಲ. ಮುಖದ ಮುಂದೆ ಕೂರುವವರು ಯಾರೆಂಬುದೇ ತಕರಾರಾಯಿತು. ಆ ಕೆಲಸ ಮಾತಿನ ತರಬೇತಿ ಕೊಡುವ ಟೀಚರದು. ಮೈಕಕ್ಕ ಸುತರಾಂ ಒಪ್ಪಲಿಲ್ಲ. "ತಲೆ ಬಿಚ್ಚಿಟ್ಟುಕೊಂಡು ಗುರುತಿಲ್ಲದವರ ಜೊತೆ ಏನು ಹರಟೆ ಹೊಡೀಲಿ ಡಾಕ್ಟ್ರೇ? ಗುಬ್ಬಿ ಕೂತ್ರೆ ನಾನು ಬರ್ತೀನಿ."

ದೊಡ್ಡವರು ತಂಗಿಯನ್ನು ತಮ್ಮ ಕೋಣೆಗೆ ಕರೆದರು. "ಮನೆಯವರು ಒಳಗೆ ಬೇಡಮ್ಮ."

"ಸರ್, ಅವಳ ಮಾತು ಎಲ್ಲಿ ನಿಲ್ಲುತ್ತೆ, ಎಲ್ಲಿ ತಡವರಿಸುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೀಚರ್‌ಗೆ ಒಂದು ಕ್ಷಣ ತಡವಾಗಿ ತಿಳಿಯೋದು ನನಗೆ ಮೊದಲೇ ತಿಳಿಯುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. ಇವಳ ಕಿವಿಯ ಮೇಲೆ ಅವರಿಗೆ ನಂಬಿಕೆಯಿತ್ತು. "ಆಯ್ತು" ಎಂದರು.

ಆ ಬೆಳಗ್ಗೆ ಮೈಕಕ್ಕನನ್ನು ಮಂಪರಿನಿಂದ ಎಬ್ಬಿಸಿದಾಗ ಅವಳ ಮೊದಲ ಮಾತು "ಟೀ ಕೊಡ್ತೀರಾ?" ಎಂಬುದು. ಆ ಕೋಣೆಯಲ್ಲಿ ಅಪರೂಪಕ್ಕೆ ನಗೆ ಎದ್ದಿತು. ಚಿತ್ರಗಳನ್ನು ತೋರಿಸಿದರೆ ಒಂದೊಂದಕ್ಕೂ ಕೊಂಕು: "ಕೊಡೆ, ಕಡ್ಡಿ ಮುರಿದಿದೆ. ಬೀಗದ ಕೈ, ನಿಮ್ಮ ಆಸ್ಪತ್ರೆ ಶೌಚಾಲಯದ್ದಾ?" ಗೆಡ್ಡೆಯ ಬಹುಭಾಗ ಹೊರಬಂದಿತು. ಉಳಿದದ್ದು ಆಳದ ಒಂದು ಅಂಚು. "ಈಗ ಚಿತ್ರ ಸಾಕು, ಅವರನ್ನ ಮಾತಾಡ್ತಾ ಇರೋಕೆ ಬಿಡು. ಎಡೆ ಬಿಡದ ಹಾಗೆ ಮಾತು ಬರ್ತಿರ್ಬೇಕು" ಎಂದರು ದೊಡ್ಡವರು ಪರದೆಯ ಆ ಕಡೆಯಿಂದ.

"ಅಕ್ಕ, ಮೈಕಿನ ಕತೆ ಹೇಳು" ಎಂದಳು ತಂಗಿ. ಅದು ಇಬ್ಬರಿಗೂ ಬಾಯಿಪಾಠ. ತಡವರಿಸಿದರೆ ಕೂಡಲೇ ಗೊತ್ತಾಗುತ್ತದೆಂಬ ಲೆಕ್ಕ ಅವಳದು.

ಮೈಕಕ್ಕ ಹೇಳಿದಳು. ಫೋನು ಬಂದದ್ದು, ಗುಂಡಿ ಒತ್ತಿದ್ದು, ತಲೆ ಕೆಟ್ಟವರನ್ನು ಕರೆದದ್ದು, ಮೇಲ್ವಿಚಾರಕರು ಓಡಿ ಬಂದದ್ದು, ಚಪ್ಪಾಳೆ. ತಂಗಿ ಅವಳ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ತುಟಿಯ ಅಂಚು ನೋಡುತ್ತಿದ್ದಳು, ಉಸಿರು ಎಣಿಸುತ್ತಿದ್ದಳು. ಒಂದಕ್ಷರವೂ ಜಾರಲಿಲ್ಲ.

"ಆಮೇಲೆ ಮೈಕ್ ಆಫ್ ಮಾಡ್ಬಿಟ್ಟು..." ಎಂದಳು ಮೈಕಕ್ಕ.

"ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ" ಎಂದಳು ತಂಗಿ.

ತನ್ನ ಬಾಯಿಂದ ಬಂದದ್ದು ಅವಳಿಗೆ ಕೇಳಿಸಲೇ ಇಲ್ಲ. ಅಕ್ಕ ನಗುತ್ತಾಳೆಂದು ಕಾದಳು, ಯಾವಾಗಲೂ ಅಲ್ಲೇ ನಗುತ್ತಿದ್ದಳಲ್ಲ. ಅಕ್ಕ ನಗಲಿಲ್ಲ. ಬಾಯಿ ತೆರೆದಿತ್ತು, ಬಲಗಡೆಯ ತುಟಿ ಕೊಂಚ ಕೆಳಗೆ ಸರಿದಿತ್ತು. ಕಣ್ಣು ತಂಗಿಯ ಮುಖದ ಮೇಲೆ ಏನನ್ನೋ ಹುಡುಕುತ್ತಿತ್ತು.

"ನಿಲ್ಲಿ" ಎಂದಳು ತಂಗಿ. "ಸರ್, ನಿಲ್ಲಿ, ನಿಲ್ಲಿ."

ಗೆಡ್ಡೆ ಹೀರುವ ಯಂತ್ರದ ಸದ್ದು ನಿಂತಿತು. "ಅಕ್ಕ, ಇದೇನು ಹೇಳು" ಎಂದು ಕೊಡೆಯ ಚಿತ್ರ ಹಿಡಿದಳು. ಮೈಕಕ್ಕ ಅದನ್ನು ನೋಡಿದಳು. ಕಡ್ಡಿ ಮುರಿದ ಕೊಡೆ ಎಂದು ಆಗ ತಾನೇ ಆಡಿಕೊಂಡಿದ್ದವಳು, ಈಗ ಅದರ ಮೇಲೆ ಬೆರಳಿಟ್ಟು, "ಅ... ಅ..." ಎಂದು ಅಲ್ಲೇ ನಿಂತಳು.

ಎಲ್ಲ ಮುಗಿದ ಮೇಲೆ ಕೈ ತೊಳೆಯುವ ತೊಟ್ಟಿಯ ಬಳಿ ತಂಗಿ ದೊಡ್ಡವರ ಪಕ್ಕ ಹೋಗಿ ನಿಂತಳು. "ಸರ್, ಅವಳು ನಿಂತಿದ್ಲು. ಅಲ್ಲಿ ಪದ ನಾನು ಹೇಳ್ದೆ."

ಅವರು ನಲ್ಲಿ ಮುಚ್ಚಲಿಲ್ಲ. "ನನಗೆ ಕೇಳಿಸ್ತು" ಎಂದರು. "ಅವರ ಧ್ವನೀನೇ ಅಂದ್ಕೊಂಡೆ. ಮಾತು ಬರ್ತಿದೆಯಲ್ಲ ಅಂತ ಮುಂದೆ ಹೋದೆ." ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವರು ಬೈಯಲಿಲ್ಲ. ಬೆನ್ನು ಬಾಗಿಸಿಕೊಂಡು ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದರು.

ಕೆಲವು ವಾರ ಕಳೆದರೆ ಮಾತು ಮರಳಬಹುದು ಎಂದು ಎಲ್ಲರೂ ಹೇಳಿದರು. ಕೆಲವರಿಗೆ ಮರಳುತ್ತದೆ, ಅದು ಸುಳ್ಳಲ್ಲ. ಮೈಕಕ್ಕನಿಗೆ ಮರಳಿದ್ದು ಚಿಲ್ಲರೆ: ಬೇಡ, ಸಾಕು, ನೀರು, ಬಾ. ಗುಬ್ಬಿ ಎಂಬ ಹೆಸರೂ ಬರಲಿಲ್ಲ. ಎದುರಿಗಿದ್ದವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಮಾಷೆಗೆ ನಗುತ್ತಿದ್ದಳು, ತಿರುಗಿ ಉತ್ತರ ಕೊಡಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ನಿಲ್ದಾಣದಿಂದ ಡ್ರೈವರು ಕಂಡಕ್ಟರುಗಳು ನೋಡಲು ಬಂದರು. ಅವಳು ಅವರ ಮುಂದೆ ಬಾಯಿ ಬಿಡಲೇ ಇಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಹೊರಟು ನಿಂತಾಗ ಒಬ್ಬ, ಮೈಕಿನಲ್ಲಿ ಈಗ ಯಂತ್ರದ ಧ್ವನಿ ಬರುತ್ತದೆ, ಅದಕ್ಕೆ ಬೈಯಲೂ ಬಾರದು ಎಂದು ನಗಿಸಲು ನೋಡಿದ.

ಮನೆಗೆ ಬರುತ್ತಿದ್ದ ಮಾತಿನ ಟೀಚರು ತಂಗಿಗೆ ಒಂದೇ ಒಂದು ಎಚ್ಚರಿಕೆ ಕೊಟ್ಟರು. "ಮೇಡಂ, ಅವರು ಹುಡುಕ್ತಿರುವಾಗ ನೀವು ಹೇಳಿಕೊಡಬೇಡಿ. ಎಷ್ಟು ಹೊತ್ತಾದ್ರೂ ಕಾಯಿರಿ. ಅವರೇ ತರ್ಬೇಕು." ಹೇಳುವವರಿಗೆ ಹಿಂದಿನ ವಿಷಯ ಗೊತ್ತಿರಲಿಲ್ಲ. ತಂಗಿ "ಆಯ್ತು" ಎಂದು ತಲೆತಗ್ಗಿಸಿದಳು. ತಾನು ಬೇರೆಯವರಿಗೆ ಬೈದು ಕಲಿಸಿದ್ದ ನಿಯಮವನ್ನು ಈಗ ಅವಳಿಗೇ ಹೇಳಿಕೊಡುವ ಕಾಲ ಬಂದಿತ್ತು.

ಅವಳು ಕೆಲಸ ಬಿಡಲಿಲ್ಲ. ಬಿಡುತ್ತೇನೆ ಎಂದು ಒಂದು ಸಂಜೆ ಮನೆಯಲ್ಲಿ ಅಂದಾಗ ಅಕ್ಕ ಎದ್ದು ಬಂದು, ಎರಡೂ ಕೈಯಲ್ಲಿ ಅವಳ ಕಿವಿ ಹಿಡಿದು, ಚಿಕ್ಕಂದಿನಲ್ಲಿ ಹಿಂಡುತ್ತಿದ್ದ ಹಾಗೆಯೇ ಹಿಂಡಿ, "ಬೇಡ" ಎಂದಳು. ಮರುದಿನ ತಂಗಿ ಮಣೆ ಹತ್ತಿ ನಿಂತಳು. ಕೈ ನಡುಗುತ್ತದೆ ಎಂದುಕೊಂಡಿದ್ದಳು. ಒಂದಿಷ್ಟೂ ನಡುಗಲಿಲ್ಲ. ಯಾರದೋ ಅಪ್ಪ, ಯಾರದೋ ಹೆಂಡತಿ ಇವಳ ಕೈಯಿಂದ ಎದ್ದು ಮನೆಗೆ ನಡೆದು ಹೋದರು, "ನೀವು ದೇವರ ಹಾಗೆ ಮೇಡಂ" ಎಂದರು. ಅಂಥ ದಿನ ಅವಳಿಗೆ ತನ್ನ ಕೈಗಳ ಮೇಲೇ ಅಸಾಧ್ಯ ಸಿಟ್ಟು ಬರುತ್ತಿತ್ತು. ಬೈದು ಹೊರಗೆ ಕಳಿಸಿದ್ದ ಆ ಕಿರಿಯ ವೈದ್ಯೆಯನ್ನು ಕರೆದು ಕ್ಷಮೆ ಕೇಳಬೇಕೆಂದುಕೊಂಡಳು. ಏನೆಂದು ಕೇಳುವುದು? ಬೈದದ್ದು ಸರಿಯಾಗಿಯೇ ಇತ್ತಲ್ಲ.

ಅಕ್ಕ ಒಂದು ಮಾತನ್ನು ಹೇಳಲು ಬಹಳ ದಿನದಿಂದ ಹೆಣಗುತ್ತಿದ್ದಳು. ತಂಗಿಯ ಮುಂದೆ ಕೂತು, ಮುಷ್ಟಿಯನ್ನು ಬಾಯಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಏನನ್ನೋ ಒತ್ತಿ ತೋರಿಸಿ, "ಅ..." ಎಂದು ನಿಲ್ಲಿಸುವಳು. ಮುಷ್ಟಿ ಮೈಕು ಎಂಬುದು ತಂಗಿಗೆ ತಿಳಿಯುತ್ತಿತ್ತು. ಮುಂದಿನದನ್ನು ಕೇಳಲು ಭಯ. ಅಂದು ಯಾಕೆ ಬಾಯಿ ಹಾಕಿದೆ, ಯಾಕೆ ನನ್ನ ಮಾತು ಕಿತ್ತುಕೊಂಡೆ, ಅದೇ ಇರಬೇಕು ಎಂದುಕೊಂಡು, ಕೆಲಸದ ನೆಪ ಹೇಳಿ ಎದ್ದುಬಿಡುತ್ತಿದ್ದಳು.

ರಜೆಯ ಒಂದು ಬೆಳಗ್ಗೆ ಏಳಲು ನೆಪ ಸಿಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಟೀ ಲೋಟಗಳು ಖಾಲಿಯಾಗಿದ್ದವು, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅಕ್ಕ ಮುಷ್ಟಿ ಎತ್ತಿದಳು, ಹೆಬ್ಬೆರಳು ಒತ್ತಿದಳು. "ಆ... ಮೇ... ಲೆ" ಎಂದಳು.

ತಂಗಿ ಕಾದಳು.

"ನಗು," ಎಂದಳು ಅಕ್ಕ. ಉಸಿರೆಳೆದುಕೊಂಡು ತಲೆ ಅಲ್ಲಾಡಿಸಿದಳು. "ಅಲ್ಲ."

ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಉಜ್ಜುತ್ತಿದ್ದರು. ಅದು ಮುಗಿಯುವ ತನಕ ಅಕ್ಕ ಹುಡುಕಿದಳು.

"ಅಳು."

ತಂಗಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆ ದಿನ ತಾನು ನಿಲ್ದಾಣದಲ್ಲಿ ಇರಲೇ ಇಲ್ಲ. ಮೊದಲ ಸಲ ಅಕ್ಕ ಈ ಕತೆ ಹೇಳಿದಾಗಲೂ "ಆಫ್ ಮಾಡ್ಬಿಟ್ಟು..." ಎಂದು ನಿಂತಿದ್ದಳು, ನಕ್ಕೆ ಎಂದು ಸೇರಿಸಿದವಳು ಇವಳೇ. ಆಮೇಲೆ ಪ್ರತಿ ಸಲವೂ ಇವಳೇ. ಅಷ್ಟು ವರ್ಷ ಅಕ್ಕ ಆ ಜಾಗಕ್ಕೆ ಬಂದು ನಿಂತು ತನ್ನ ಕಡೆ ನೋಡಿದ್ದಳು, ಇವಳು ಅವಳಿಗೆ ಬಾಯಿ ತೆರೆಯಲು ಬಿಟ್ಟಿರಲಿಲ್ಲ. ಅವಳ ಮಾತು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ದೊಡ್ಡವರ ಮುಂದೆ ಎದೆಯುಬ್ಬಿಸಿ ಹೇಳಿದ್ದಳು.

"ಅತ್ತಿದ್ಯಾ?" ಎಂದಳು. "ನನಗೆ ಸೀಟು ಸಿಕ್ಕಿದ ದಿನ? ಯಾಕಕ್ಕ?"

ಮೈಕಕ್ಕ ಕಣ್ಣು ಮುಚ್ಚಿಕೊಂಡಳು. ಹಣೆಯ ಪಕ್ಕದ ಹೊಲಿಗೆಯ ಗುರುತು ಬಿಗಿದುಕೊಂಡಿತು. ತುಟಿ ಕೂಡಿತು, ಬಿಟ್ಟಿತು.

"ನಾನೂ..." ಎಂದಳು.

ನಾನೂ ಓದಬೇಕಿತ್ತು. ನಾನೂ ಆಗಬಹುದಿತ್ತು. ನಾನೂ ಮೊದಲಿದ್ದೆನಲ್ಲ. ತಂಗಿಯ ಬಾಯಿತುಂಬ ಮಾತುಗಳು ಬಂದು ನಿಂತವು, ಯಾವುದು ಅಕ್ಕನದೆಂದು ಗೊತ್ತಾಗಲಿಲ್ಲ. ಹಲ್ಲು ಕಚ್ಚಿ ಹಿಡಿದಳು. ಕಣ್ಣೀರು ಗಲ್ಲದಿಂದ ಮೇಜಿನ ಮೇಲೆ ಬಿತ್ತು, ಒರೆಸಲಿಲ್ಲ. ಅಕ್ಕನ ಕೈ ಹಿಡಿದುಕೊಂಡು ಕಾದಳು.

ಅಕ್ಕ ಮತ್ತೊಮ್ಮೆ "ನಾನೂ" ಎಂದಳು. ಮುಂದಿನದು ಎಲ್ಲೋ ಇದೆ, ಕೈಗೆ ಸಿಗುತ್ತಿಲ್ಲ ಎಂಬಂತೆ ಕಿಟಕಿಯ ಕಡೆ ನೋಡಿದಳು. ತಂಗಿಯ ಮುಖ ನೋಡಿದಳು, ಎಂದಿನ ಹಾಗೆ ಮುಗಿಸಿಕೊಡುತ್ತಾಳೇನೋ ಎಂದು. ಆಮೇಲೆ ಕೈ ಬಿಡಿಸಿಕೊಂಡು, "ಸಾಕು" ಎಂದು ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ನಲ್ಲಿ ತಿರುಗಿಸಿದ ಸದ್ದಾಯಿತು. ತಂಗಿ ಬಾಯಿ ಬಿಗಿಹಿಡಿದು ಅಲ್ಲೇ ಕೂತಿದ್ದಳು, ಇನ್ನೂ ಕಾಯುತ್ತ.